ಜಿಂಗೋವಿನ ಆಣೆ, ಝಂಗರಿನ ಮಂಚ

ದೆಹಲಿಯ ಆಗ್ನೇಯ ಮೂಲೆಯಲ್ಲಿ, ಯಮುನೆಯ ನೀರನ್ನು ಆಗ್ರಾ ಕಾಲುವೆಗೆ ತಿರುಗಿಸುವುದಕ್ಕಾಗಿ 1874ರಲ್ಲಿ ಕಟ್ಟಿ ಮುಗಿಸಿದ ಒಡ್ಡಿನಿಂದ ಮೊದಲು ಹೆಸರು ಪಡೆದು, ಸ್ವಾತಂತ್ರ್ಯಾನಂತರ ಕೈಗಾರಿಕಾ ವಸಾಹತಿನ ಗದ್ದಲದಿಂದಲೂ, ಈಚಿನ ದಶಕಗಳಲ್ಲಿ ಒಂದರ ಹೆಗಲ ಮೇಲೊಂದು ಏರಿ ನಿಂತಂತಿರುವ ಮನೆಗಳ ಇಕ್ಕಟ್ಟಿನಿಂದಲೂ ಪರಿಚಿತವಾಗಿರುವ ಓಖ್ಲಾ ಎಂಬ ಪ್ರದೇಶವುಂಟು. ಕೆಂಪು ಕೋಟೆಯನ್ನೂ ಕುತುಬ್ ಮಿನಾರನ್ನೂ ನೋಡಿ, ಕರೋಲ್ ಬಾಗಿನಲ್ಲಿ ಶಾಲು ಸ್ವೆಟರುಗಳ ವ್ಯಾಪಾರ ಮುಗಿಸಿ ರೈಲು ಹತ್ತುವ ನಮ್ಮ ಕಡೆಯ ಯಾತ್ರಿಕರು ಅಲ್ಲಿಗೆ ಹೋಗುವುದು ಅಪರೂಪ. ಅಸಹಕಾರ ಚಳವಳಿಯ ಕಾವಿನಲ್ಲಿ 1920ರಲ್ಲಿ ಅಲಿಗಢದಲ್ಲಿ ಹುಟ್ಟಿ, 1925ರಲ್ಲಿ ದೆಹಲಿಗೆ ಬಂದು, ಹತ್ತು ವರ್ಷಗಳ ತರುವಾಯ, 1935ರ ಮಾರ್ಚ್ 1ರಂದು, ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿಯ ಕೈಯಿಂದ ಇದೇ ಓಖ್ಲಾದಲ್ಲಿ ಅಡಿಗಲ್ಲು ಹಾಕಿಸಿಕೊಂಡ ಜಾಮಿಯಾ ಮಿಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯ ಇಲ್ಲಿದೆ. ಅದಕ್ಕೆ ಸೇರಿದ ಖಬರಸ್ತಾನದಲ್ಲಿ ಭಾರತೀಯ ಸೈನ್ಯದ ಬ್ರಿಗೇಡಿಯರರೊಬ್ಬರ ಸಮಾಧಿಯಿದೆ. ಅವರ ಹೆಸರು ಮೊಹಮ್ಮದ್ ಉಸ್ಮಾನ್. 1947–48ರ ಕಾಶ್ಮೀರ ಯುದ್ಧದಲ್ಲಿ ರಣರಂಗದಲ್ಲಿ ಮಡಿದ ನಮ್ಮ ಸೇನಾಧಿಕಾರಿಗಳ ಪೈಕಿ ಅತ್ಯುನ್ನತ ಪದವಿಯಲ್ಲಿದ್ದವರು ಅವರೇ.

ಆ ಸಮಾಧಿಯ ಮುಂದೆ ನಿಂತಾಗ ನನ್ನ ಮನಸ್ಸಿಗೆ ಬಂದದ್ದು, ಸ್ಥಳಕ್ಕೆ ಯಾವ ಸಂಬಂಧವೂ ಇಲ್ಲದ ಒಂದು ಇಂಗ್ಲಿಷ್ ಶಬ್ದ: ಜಿಂಗೋ. ದೇಶಪ್ರೇಮದ ವೇಷ ಧರಿಸಿ ಯುದ್ಧಕ್ಕಾಗಿ ಹಾತೊರೆಯುವ ಮನೋಧರ್ಮಕ್ಕೆ ಇಂಗ್ಲಿಷರು ಇಟ್ಟ ಹೆಸರು ಅದರಿಂದ ಹುಟ್ಟಿದ ‘ಜಿಂಗೋಯಿಸಂ’. ನಮ್ಮ ಪತ್ರಿಕೆಗಳು ಅದನ್ನು ಒಮ್ಮೆ ‘ಯುದ್ಧೋನ್ಮಾದ’ವೆಂದೂ ಇನ್ನೊಮ್ಮೆ ‘ಉಗ್ರ ದೇಶಾಭಿಮಾನ’ವೆಂದೂ ಕನ್ನಡಿಸುತ್ತವೆ. ಎರಡೂ ನನಗೆ ಸರಿಕಾಣುವುದಿಲ್ಲ. ಉನ್ಮಾದವೆಂದರೆ ರೋಗ, ರೋಗಿಯ ಮೇಲೆ ಹೊಣೆ ಹೊರಿಸುವಂತಿಲ್ಲ, ಆದರೆ ಈ ಮನೋಧರ್ಮದವರು ತಮ್ಮ ಲಾಭನಷ್ಟಗಳ ವಿಷಯದಲ್ಲಿ ಬುದ್ಧಿ ಕಳೆದುಕೊಂಡುದನ್ನು ನಾನು ಕಂಡಿಲ್ಲ. ಉಗ್ರ ದೇಶಾಭಿಮಾನವೆಂಬುದೋ, ಒಳ್ಳೆಯದೊಂದು ಗುಣ ಪ್ರಮಾಣ ಮೀರಿ ಬೆಳೆದಿದೆ, ಪಾಯಸಕ್ಕೆ ಬೆಲ್ಲ ತುಸು ಹೆಚ್ಚಾಗಿದೆ ಎಂಬ ಭಾವವನ್ನು ಹುಟ್ಟಿಸುತ್ತದೆ. ಜಿಂಗೋ ಎಂಬ ಮಾತಿನ ಹುಟ್ಟನ್ನು ಹುಡುಕಿಕೊಂಡು ಹೋದರೆ ಅಲ್ಲಿ ಸಿಗುವುದು ರೋಗವೂ ಅಲ್ಲ, ಹೆಚ್ಚಾದ ಬೆಲ್ಲವೂ ಅಲ್ಲ. ಅಲ್ಲಿ ಸಿಗುವುದು ಒಂದು ಆಣೆ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಣ್ಕಟ್ಟಿನವರು, ನಮ್ಮವರು ‘ಛೂ ಮಂತ್ರ’ ಎನ್ನುವ ಹಾಗೆ, ವಸ್ತುವನ್ನು ಮಾಯಮಾಡುವಾಗಲೋ ಬರಿಸುವಾಗಲೋ ‘ಜಿಂಗೋ’ ಎಂದು ಕೂಗುತ್ತಿದ್ದರು. 1694ರಲ್ಲಿ ಫ್ರೆಂಚ್ ಹಾಸ್ಯಕಾರ ರಾಬಲೇಯ ಗ್ರಂಥದ ಇಂಗ್ಲಿಷ್ ಅನುವಾದ ಪ್ರಕಟವಾದಾಗ, ಮೂಲದಲ್ಲಿ ‘ದೇವರಾಣೆ’ ಎಂದಿದ್ದ ಕಡೆ ಅನುವಾದಕನು ‘ಜಿಂಗೋವಿನ ಆಣೆ’ ಎಂದು ಬರೆದನು. ದೇವರ ಹೆಸರನ್ನು ನೇರವಾಗಿ ನುಡಿದರೆ ಪಾಪ, ನುಡಿಯದಿದ್ದರೆ ಮಾತಿಗೆ ಬಿಗುವಿಲ್ಲ. ಆದಕಾರಣ ದೇವರಂತೆ ಕಂಡೂ ದೇವರಲ್ಲದ ಒಂದು ಶಬ್ದವನ್ನು ಮಧ್ಯೆ ನಿಲ್ಲಿಸಿದ್ದು. ಬಾಸ್ಕ್ ಭಾಷೆಯಲ್ಲಿ ದೇವರಿಗಿರುವ ‘ಜಿಂಕೋ’ ಎಂಬ ಹೆಸರನ್ನು ನಾವಿಕರು ಹೊತ್ತು ತಂದರೆಂದು ಕೆಲವರು ಊಹಿಸುತ್ತಾರೆ. ಗೆಂಗುಲ್ಫಸ್ ಎಂಬ ಸಂತನ ಹೆಸರು ಸವೆದು ಹೀಗಾಯಿತೆಂಬ ಇನ್ನೊಂದು ಊಹೆ ಹಾಸ್ಯಕ್ಕೆ ಹುಟ್ಟಿದ್ದು. ವ್ಯುತ್ಪತ್ತಿ ಯಾವುದೇ ಇರಲಿ, ಇದು ಯಾರನ್ನೂ ಕಟ್ಟಿಹಾಕದ ಆಣೆ ಎಂಬುದು ಸ್ಪಷ್ಟ. ನಮ್ಮಲ್ಲಿ ತಾಯಾಣೆ, ಕಣ್ಣಾಣೆ, ಮಗುವಿನ ತಲೆ ಮುಟ್ಟಿ ಮಾಡುವ ಆಣೆ ಎಂದೆಲ್ಲ ಉಂಟಷ್ಟೆ. ಅವುಗಳಲ್ಲಿ ಮಾತು ತಪ್ಪಿದರೆ ಕಳೆದುಕೊಳ್ಳಬೇಕಾದುದು ಆಣೆಯಿಟ್ಟವನದೇ ಆಗಿರುತ್ತದೆ. ಜಿಂಗೋವಿನ ಆಣೆಯಲ್ಲಿ ಅಂಥ ಯಾವ ಅಡಮಾನವೂ ಇಲ್ಲ.

ಈ ಹಗುರವಾದ ಶಬ್ದ ರಾಜಕೀಯದ ಶಬ್ದವಾದದ್ದು 1878ರಲ್ಲಿ. ಅದಕ್ಕೆ ಮುಂಚಿನ ವರ್ಷ ರಷ್ಯವು ತುರ್ಕಿಯ ಮೇಲೆ ಯುದ್ಧ ಸಾರಿ, ಪ್ಲೆವ್ನಾ ಕೋಟೆಯನ್ನು ಹಿಡಿದು, ಕಾನ್‌ಸ್ಟಾಂಟಿನೋಪಲಿನ ಬಾಗಿಲಿನವರೆಗೆ ಬಂದು ನಿಂತಿತ್ತು. ಆ ನಗರ ರಷ್ಯನ್ನರ ಕೈಸೇರಿದರೆ ಹಿಂದೂಸ್ಥಾನದ ದಾರಿಗೆ ಕುತ್ತೆಂಬ ಭೀತಿ ಲಂಡನ್ನಿನಲ್ಲಿ ಹಬ್ಬಿತು. ಪ್ರಧಾನಿ ಡಿಸ್ರೇಲಿಯ ಸರ್ಕಾರ ನೌಕಾಬಲವನ್ನು ಡಾರ್ಡನೆಲ್ಸ್ ಜಲಸಂಧಿಯ ಒಳಕ್ಕೆ ಕಳುಹಿಸಿತು. ಆಗ ಲಂಡನ್ನಿನ ಪೆವಿಲಿಯನ್ ಎಂಬ ಸಂಗೀತಶಾಲೆಯಲ್ಲಿ, ಕುಡಿತ ಊಟಗಳ ನಡುವೆ ಹಾಡುಹಸೆ ನಡೆಯುವ ಆ ಜಾಗದಲ್ಲಿ, ಮ್ಯಾಕ್‌ಡರ್ಮಟ್ ಎಂಬ ಜನಪ್ರಿಯ ಗಾಯಕನು, ಜಿ. ಡಬ್ಲ್ಯು. ಹಂಟ್ ಎಂಬವನು ರಚಿಸಿದ ಒಂದು ಹಾಡನ್ನು ರಾತ್ರಿ ರಾತ್ರಿ ಹಾಡತೊಡಗಿದನು. ತಮಗೆ ಕಾದುವ ಆಸೆಯೇನೂ ಇಲ್ಲವೆಂದು ಮೊದಲು ಸಾಧುತನವನ್ನು ನಟಿಸಿ, ಕಾದಲೇಬೇಕಾಗಿ ಬಂದರೆ ಜಿಂಗೋವಿನ ಆಣೆಯಿಟ್ಟು, ತಮ್ಮಲ್ಲಿರುವ ಹಡಗು, ಆಳು, ಹಣಗಳನ್ನು ಎಣಿಸಿ ತೋರಿಸುವುದು ಅದರ ಪಲ್ಲವಿಯ ತಾತ್ಪರ್ಯ. ಮೇಜು ಕುಟ್ಟುತ್ತ ದನಿಗೂಡಿಸುವವರಿಗೆ ಹೇಳಿ ಮಾಡಿಸಿದಂಥ ಪಲ್ಲವಿ. ಹಾಡು ಸಭಾಂಗಣದಿಂದ ಬೀದಿಗಿಳಿಯಿತು. ಯುದ್ಧ ಬೇಡವೆನ್ನುವವರ ಸಭೆಗಳಿಗೆ ಗುಂಪುಗಳು ನುಗ್ಗಿದವು. ಆ ವರ್ಷ ಫೆಬ್ರವರಿ 24ರ ಭಾನುವಾರ, ಶಾಂತಿಪಕ್ಷವನ್ನು ಹಿಡಿದಿದ್ದ ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್ನರ ಮನೆಯ ಕಿಟಕಿಗಳಿಗೆ ಕಲ್ಲು ಬಿದ್ದಿತು. ಮಾರ್ಚ್ 13ರ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಹೋಲಿಯೋಕ್ ಎಂಬ ವೃದ್ಧ ವಿಚಾರವಾದಿಯು ಬರೆದ ಪತ್ರವೊಂದು ಅಚ್ಚಾಯಿತು. ಈ ಹಾಡುಗಾರ ದೇಶಭಕ್ತರ ಹೊಸ ಪಂಗಡಕ್ಕೆ ಅವನು ಅವರದೇ ಆಣೆಯನ್ನು ಹೆಸರಾಗಿ ಇಟ್ಟುಬಿಟ್ಟನು. ಅಂದಿನಿಂದ ‘ಜಿಂಗೋ’ ಎಂದರೆ ಮನುಷ್ಯ.

ಇಲ್ಲಿಯವರೆಗಿನ ಕಥೆ ಯಾವ ನಿಘಂಟಿನಲ್ಲಾದರೂ ಸಿಕ್ಕೀತು. ಅದೇ ದಿನಗಳಲ್ಲಿ ನಮ್ಮ ಕಡೆ ಏನು ನಡೆಯುತ್ತಿತ್ತೆಂಬುದನ್ನು ನಿಘಂಟುಕಾರರು ಬರೆಯುವುದಿಲ್ಲ. ಬರೆಯಬೇಕಾದುದು ನಮ್ಮ ಕೆಲಸ. ಲಂಡನ್ನಿನಲ್ಲಿ ಹೋಲಿಯೋಕನ ಪತ್ರ ಅಚ್ಚಾದ ಮರುದಿನವೇ, 1878ರ ಮಾರ್ಚ್ 14ರಂದು, ವೈಸರಾಯ್ ಲಿಟ್ಟನ್ನನ ಸರ್ಕಾರ ಹಿಂದೂಸ್ಥಾನದಲ್ಲಿ ದೇಶಭಾಷಾ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾಯಿದೆಯನ್ನು ಅಂಗೀಕರಿಸಿತು. ಮೈಸೂರು ಸೀಮೆಯೋ ಧಾತು ಈಶ್ವರದ ಬರದಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. ಧಾತು ಸಂವತ್ಸರದಲ್ಲಿ ಆರಂಭವಾಗಿ ಈಶ್ವರ ಸಂವತ್ಸರದಲ್ಲಿ ಉಲ್ಬಣಿಸಿದ ಆ ಕ್ಷಾಮದ ಹೆಸರನ್ನು ಕೇಳಿ ನಮ್ಮ ಮುತ್ತಜ್ಜಿಯರು ಬೆಚ್ಚುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷದ ಮೇಲಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತೆಂದರೆ, ಬೇರೆ ವಿವರಣೆ ಬೇಡ. ಆಳು ಹಣಗಳಿಗೆ ಕೊರತೆಯಿಲ್ಲವೆಂದು ಲಂಡನ್ನಿನ ಸಭಾಂಗಣ ಮೇಜು ಕುಟ್ಟಿ ಹಾಡುತ್ತಿದ್ದಾಗ, ಆ ಸಾಮ್ರಾಜ್ಯದ ಆಳು ಹಣಗಳು ಕೋಲಾರ ತುಮಕೂರುಗಳ ರಸ್ತೆಬದಿಯಲ್ಲಿ ಹೀಗಿದ್ದವು.

ಹಾಡಿನ ಮುಂದಿನ ಅಧ್ಯಾಯಕ್ಕೂ ನಾವೇ ಬೇಕಾದೆವು. ಏಪ್ರಿಲ್ ತಿಂಗಳಲ್ಲಿ, ಪಾರ್ಲಿಮೆಂಟು ಈಸ್ಟರ್ ಬಿಡುವಿಗೆ ಎದ್ದ ಬೆನ್ನಲ್ಲೇ, ಹಿಂದೂಸ್ಥಾನದಿಂದ ಸುಮಾರು 7 ಸಾವಿರ ಸಿಪಾಯಿಗಳನ್ನು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪಕ್ಕೆ ಕರೆಸಿಕೊಳ್ಳುವ ನಿರ್ಧಾರವನ್ನು ಡಿಸ್ರೇಲಿ ಪ್ರಕಟಿಸಿದನು. ಗೂರ್ಖರು, ಪಂಜಾಬಿಗಳು, ಬೊಂಬಾಯಿ ಮದ್ರಾಸುಗಳ ಕಾಲ್ದಳದವರು ಹಡಗು ಹತ್ತಿದರು. ಅವರೊಡನೆ ಮದ್ರಾಸ್ ಸ್ಯಾಪರ್ಸ್ ದಳದವರೂ ಹೋದರು. 1834ರಿಂದ ಬೆಂಗಳೂರೇ ಆ ದಳದ ಮನೆ. ಹಲಸೂರು ಕೆರೆಯ ಮಗ್ಗುಲಲ್ಲಿ ಅದರ ಕೇಂದ್ರ ಇಂದಿಗೂ ಇದೆ. ಲಂಡನ್ನಿನಲ್ಲೂ ಇದನ್ನು ಕಂಡು ನಾಚಿಕೊಂಡವರಿದ್ದರು: ತಾವು ಮನೆಯಲ್ಲಿ ಹಾಡುತ್ತ ಕೂತು ಬಡಪಾಯಿ ಹಿಂದೂವನ್ನು ಯುದ್ಧಕ್ಕೆ ಕಳುಹಿಸುವೆವೆಂದು ಆಣೆಯಿಡುವ ಅಣಕವೊಂದು ಅದೇ ಧಾಟಿಯಲ್ಲಿ ಹುಟ್ಟಿತು. ಶಬ್ದವು ರಾಜಕೀಯಕ್ಕಿಳಿದ ಕೆಲವೇ ತಿಂಗಳಲ್ಲಿ ಅದರ ನಿಜವಾದ ಅರ್ಥವನ್ನು ಬಯಲಿಗೆಳೆದ ಈ ಅಣಕವನ್ನು ನಾನು ಯಾವ ನಿಘಂಟಿಗಿಂತಲೂ ಮೇಲೆಂದು ಎಣಿಸುತ್ತೇನೆ. ಯುದ್ಧ ನಡೆಯಲಿಲ್ಲ; ಬರ್ಲಿನ್ನಿನ ಸಮ್ಮೇಳನದಲ್ಲಿ ರಾಜಿಯಾಯಿತು; ಡಿಸ್ರೇಲಿ ತುರ್ಕಿಯಿಂದ ಸೈಪ್ರಸ್ ದ್ವೀಪವನ್ನು ತನ್ನ ಆಡಳಿತಕ್ಕೆ ಪಡೆದನು; ಮಾಲ್ಟಾದಲ್ಲಿದ್ದ ನಮ್ಮ ಸಿಪಾಯಿಗಳನ್ನು ಆ ದ್ವೀಪದ ಸ್ವಾಧೀನಕ್ಕೆ ದಾಟಿಸಿದರು. ವರ್ಷ ಮುಗಿಯುವ ಮುನ್ನ ಅಫ್ಘಾನ್ ಯುದ್ಧ ಆರಂಭವಾಯಿತು; ಬರನಿವಾರಣೆಗೆಂದು ಎತ್ತಿದ ತೆರಿಗೆಯ ಹಣ ಆ ಯುದ್ಧಕ್ಕೆ ಸೋರಿತೆಂಬ ಆಕ್ಷೇಪ ಲಿಟ್ಟನ್ನನನ್ನು ಕೊನೆಯವರೆಗೂ ಬಿಡಲಿಲ್ಲ.

ಫ್ರೆಂಚರಲ್ಲಿ ಇದಕ್ಕೆ ಸಮೀಪವಾದ ಇನ್ನೊಂದು ಮಾತುಂಟು: ಷೋವಿನಿಸಂ. ನೆಪೋಲಿಯನ್ನನ ಸೇನೆಯಲ್ಲಿ ಹದಿನೇಳು ಗಾಯಗಳನ್ನು ತಿಂದೂ ಚಕ್ರವರ್ತಿಯ ಮೇಲಿನ ಭಕ್ತಿಯನ್ನು ಬಿಡದ ನಿಕೊಲಾ ಷೋವ್ಯಾ ಎಂಬ ಯೋಧನಿಂದ ಆ ಮಾತು ಬಂದಿತೆಂದು ಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದವು. ದಾಖಲೆಗಳನ್ನು ಜಾಲಾಡಿದ ಇತಿಹಾಸಕಾರರಿಗೆ ಅಂಥ ಸೈನಿಕನೇ ಸಿಗಲಿಲ್ಲ. ಅವನನ್ನು ಪ್ರಸಿದ್ಧಗೊಳಿಸಿದ್ದು 1831ರ ಒಂದು ಹಾಸ್ಯನಾಟಕ. ಇಂಗ್ಲಿಷರ ಮಾತು ಸಂಗೀತಶಾಲೆಯಿಂದ, ಫ್ರೆಂಚರದು ನಾಟಕಶಾಲೆಯಿಂದ! ದಂಡಿನ ಪಾಳೆಯದಿಂದ ಎರಡೂ ಬಂದಿಲ್ಲವೆಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಹಾಗೆ ನೋಡಿದರೆ ಕನ್ನಡಿಗನಿಗೆ ಈ ಶಬ್ದವನ್ನು ಸಾಲ ತರುವ ಅಗತ್ಯವೇ ಇರಲಿಲ್ಲ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ನಮ್ಮ ಅಡುಗೆಮನೆಯಲ್ಲೇ ಉಂಟು. ವಿರಾಟನ ತುರುಗಳನ್ನು ಕೌರವರು ಹಿಡಿದರೆಂದು ಗೋಪಾಲಕರು ಬಂದು ಮೊರೆಯಿಟ್ಟಾಗ, ಅಂತಃಪುರದ ಹೆಂಗಳೆಯರ ನಡುವೆ ಕುಳಿತಿದ್ದ ರಾಜಕುಮಾರನು ಭೀಷ್ಮ ದ್ರೋಣ ಕರ್ಣರನ್ನು ಹುಲ್ಲಿಗೆ ಸಮನಾಗಿ ಎಣಿಸಿ, ತನಗೊಬ್ಬ ಸಾರಥಿಯಿಲ್ಲವಲ್ಲಾ ಎಂದು ಹಲುಬಿದ್ದನ್ನು ಗದುಗಿನ ಭಾರತದಲ್ಲಿ ಕುಮಾರವ್ಯಾಸನು ಎಷ್ಟು ನಗೆಯಿಂದ, ಎಷ್ಟು ನುಣುಪಾಗಿ ಚಿತ್ರಿಸಿದ್ದಾನೆಂಬುದನ್ನು ಗಮಕಿಗಳ ಬಾಯಿಂದ ಕೇಳಿದವರಿಗೆ ಹೇಳಬೇಕಾಗಿಲ್ಲ. ಆದರೂ ಉತ್ತರನಿಗೆ ಅನ್ಯಾಯ ಮಾಡಬಾರದು. ಅವನು ರಥವೇರಿ ಹೋದನು. ಸೇನೆಯನ್ನು ಕಣ್ಣಾರೆ ಕಂಡನು. ಕಂಡು ಹೆದರಿ ಧುಮುಕಿ ಓಡಿದನು. ಬೃಹನ್ನಳೆಯ ಕೈಗೆ ಸಿಕ್ಕಿ ಮರಳಿ ರಥವೇರಿ, ತಾನೇ ಸಾರಥಿಯಾಗಿ ಯುದ್ಧವೆಂದರೇನೆಂಬುದನ್ನು ಕಲಿತನು. ಕಡೆಗೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಮಡಿದನು. ಜಂಬಕ್ಕೆ ಅವನು ತೆತ್ತ ಬೆಲೆ ಅವನದೇ ಪ್ರಾಣ. ಲಂಡನ್ನಿನ ಸಂಗೀತಶಾಲೆಯವರು ಒಲೆಯ ಮುಂದಿನಿಂದ ಏಳಲೇ ಇಲ್ಲ.

ನಮ್ಮ ಪೂರ್ವಿಕರು ಯುದ್ಧವನ್ನು ಅರಿಯದವರಲ್ಲ. ಪಂಪನು ಕವಿಯೂ ಆಗಿದ್ದನು, ಕಲಿಯೂ ಆಗಿದ್ದನು. ನಾಡಿನ ಊರೂರಿನಲ್ಲಿ ಕೆರೆಯ ಏರಿಯ ಮೇಲೆ, ಗುಡಿಯ ಹಿತ್ತಿಲಲ್ಲಿ, ಕೆಲವೆಡೆ ಬಟ್ಟೆ ಒಗೆಯುವ ಕಲ್ಲಾಗಿಯೂ ಬಿದ್ದಿರುವ ವೀರಗಲ್ಲುಗಳನ್ನು ನೋಡಿರಿ: ತುರು ಕದ್ದವರನ್ನು ಅಟ್ಟಿ ಹೋಗಿ ಸತ್ತವನು, ಊರಳಿವಿನಲ್ಲಿ ಸತ್ತವನು, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತವನು. ‘ಬೆಂಗಳೂರು’ ಎಂಬ ಹೆಸರು ನಮಗೆ ಮೊದಲು ಕಾಣಸಿಗುವುದೇ ಬೇಗೂರಿನಲ್ಲಿರುವ ಸುಮಾರು ಕ್ರಿ.ಶ. 890ರ ಅಂಥದೊಂದು ಕಲ್ಲಿನಲ್ಲಿ, ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನ ನೆನಪಿನ ಜೊತೆಗೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಂತೂ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಸ್ಥಾನವುಂಟು. ಹಳೇಬೀಡಿಗೆ ಹೋದರೆ ಒಡೆಯನಾದ ವೀರಬಲ್ಲಾಳನಿಗಾಗಿ ಪ್ರಾಣವನ್ನು ಮುಡಿಪಿಟ್ಟಿದ್ದ ಕುವರಲಕ್ಷ್ಮನೆಂಬ ಗರುಡನ, ಅಂದರೆ ಅಂಗರಕ್ಷಕನ, ಸ್ಮಾರಕಸ್ತಂಭವಿದೆ. ಒಡೆಯನ ಅನ್ನದ ಋಣವನ್ನು ಜೀವದಿಂದ ತೀರಿಸುವ ಜೋಳವಾಳಿ, ಒಡೆಯನೊಡನೆಯೇ ಸಾಯುವೆನೆಂಬ ವೇಳೆವಾಳಿ, ಇವು ಇಂದಿನ ಬುದ್ಧಿಗೆ ಒಪ್ಪತಕ್ಕ ಆಚಾರಗಳಲ್ಲ. ನಾನು ಅವನ್ನು ಹೊಗಳಲೂ ಹೊರಟಿಲ್ಲ. ಆದರೆ ಆ ಆಣೆಯಲ್ಲಿ ಒತ್ತೆಯಿಟ್ಟದ್ದು ಆಣೆಯಿಟ್ಟವನ ತಲೆಯನ್ನು. ನಾನು ಕಂಡ ಯಾವ ವೀರಗಲ್ಲಿನಲ್ಲಿಯೂ ಜಗಲಿಯ ಮೇಲೆ ಕುಳಿತು ‘ಹೊಡೆ, ಕಡಿ’ ಎಂದವನ ಪ್ರತಿಮೆ ಇಲ್ಲ.

ಇನ್ನು ಓಖ್ಲಾಕ್ಕೆ ಹಿಂದಿರುಗೋಣ.

ಮೊಹಮ್ಮದ್ ಉಸ್ಮಾನರು ಹುಟ್ಟಿದ್ದು 1912ರ ಜುಲೈ 15ರಂದು, ಅಂದಿನ ಆಜಂಗಢ ಜಿಲ್ಲೆಯ ಬೀಬೀಪುರದಲ್ಲಿ. ಸ್ಯಾಂಡ್‌ಹರ್ಸ್ಟಿನಲ್ಲಿ ಶಿಕ್ಷಣ ಪಡೆದು ಬಲೂಚ್ ರೆಜಿಮೆಂಟನ್ನು ಸೇರಿದರು. ದೇಶವಿಭಜನೆಯಲ್ಲಿ ಸೈನ್ಯವೂ ಹೋಳಾಗಿ ಬಲೂಚ್ ರೆಜಿಮೆಂಟು ಪಾಕಿಸ್ತಾನದ ಪಾಲಾದಾಗ, ಅಲ್ಲಿ ಉನ್ನತ ಪದವಿಯ ಆಮಿಷವೂ ಬಂದಿತ್ತೆಂದು ಹೇಳುತ್ತಾರೆ. ಉಸ್ಮಾನರು ಭಾರತದಲ್ಲಿ ನಿಂತರು, ಡೋಗ್ರಾ ರೆಜಿಮೆಂಟಿಗೆ ಬಂದರು. 1947ರ ಡಿಸೆಂಬರಿನಲ್ಲಿ ಅವರು 50ನೆಯ ಪ್ಯಾರಾಶೂಟ್ ಬ್ರಿಗೇಡಿನ ನಾಯಕರಾಗಿ ನೌಶೇರಾದಲ್ಲಿದ್ದಾಗ, ಪಕ್ಕದ ಆಯಕಟ್ಟಿನ ಸ್ಥಳವಾದ ಝಂಗರ್ ವೈರಿಗಳ ವಶವಾಯಿತು. ಝಂಗರನ್ನು ಮರಳಿ ಪಡೆಯುವವರೆಗೆ ತಾನು ಮಂಚದ ಮೇಲೆ ಮಲಗುವುದಿಲ್ಲವೆಂದು ಉಸ್ಮಾನರು ಪಣತೊಟ್ಟರು.

ಈ ಪ್ರಸಂಗದಲ್ಲಿ ಕನ್ನಡ ನಾಡಿನವರೊಬ್ಬರು ಪ್ರವೇಶಿಸುತ್ತಾರೆ. 1948ರ ಜನವರಿಯಲ್ಲಿ ಪಶ್ಚಿಮ ಸೀಮೆಯ ಸೇನೆಯ ಹೊಣೆ ಕೊಡಗಿನ ಕೆ. ಎಂ. ಕಾರ್ಯಪ್ಪನವರಿಗೆ ಬಂದಿತು. ಅವರು ನೌಶೇರಾಕ್ಕೆ ಹೋಗಿ, ಉಸ್ಮಾನರನ್ನು ಕಂಡು, ತಮಗೊಂದು ಉಡುಗೊರೆ ಬೇಕೆಂದರಂತೆ. ಯಾವುದೆಂದು ಕೇಳಿದರೆ, ಆ ಕಣಿವೆಯ ಮೇಲೆ ಕಣ್ಣಿಟ್ಟು ನಿಂತಿದ್ದ ಕೋಟ್ ಎಂಬ ಎತ್ತರದ ನೆಲೆಯನ್ನು ತೋರಿಸಿದರಂತೆ. ಫೆಬ್ರವರಿ 1ರಂದು ಉಸ್ಮಾನರು ಕೋಟನ್ನು ಹಿಡಿದರು. ಆ ಕಾರ್ಯಾಚರಣೆಗೆ ಅವರು ಇಟ್ಟಿದ್ದ ಹೆಸರು ‘ಕಿಪ್ಪರ್’, ಅಂದರೆ ‘ಕಾರ್ಯಪ್ಪ’ ಎನ್ನಲು ಬಾರದ ಇಂಗ್ಲಿಷ್ ನಾಲಗೆಗಳು ನಮ್ಮ ಕೊಡಗಿನ ದಳಪತಿಗೆ ಕಟ್ಟಿದ್ದ ಅಡ್ಡಹೆಸರು. ಐದು ದಿನಗಳ ತರುವಾಯ ನೌಶೇರಾದ ಮೇಲೆ ಸಾವಿರಾರು ಮಂದಿ ಏರಿಬಂದಾಗ ಉಸ್ಮಾನರ ಪಡೆ ಅವರನ್ನು ಹಿಮ್ಮೆಟ್ಟಿಸಿತು. ಅವರ ತಲೆಗೆ ಎದುರು ಪಕ್ಷದವರು 50,000 ರೂಪಾಯಿ ಕಟ್ಟಿದರೆಂಬುದು ಆಮೇಲಿನ ಸುದ್ದಿ. ಮಾರ್ಚ್ 18ರಂದು ಝಂಗರ್ ಮರಳಿ ವಶವಾಯಿತು. ಅಂದು ರಾತ್ರಿ ಬ್ರಿಗೇಡಿಯರರಿಗೆ ಮಲಗಲು ದಂಡಿನಲ್ಲಿ ಮಂಚವೇ ಇರಲಿಲ್ಲವಾಗಿ, ಹಳ್ಳಿಯ ಮನೆಯೊಂದರಿಂದ ಕೇಳಿ ತಂದು ಹಾಕಿದರೆಂದು ಸೇನೆಯ ಕಥೆಗಳು ಹೇಳುತ್ತವೆ.

ಉಸ್ಮಾನರೂ ಕಾವ್ಯದ ಸಹಾಯ ಪಡೆದವರೇ. ಝಂಗರಿನ ದಾಳಿಗೆ ಮುನ್ನ ತಮ್ಮ ಸೈನಿಕರಿಗೆ ಹೊರಡಿಸಿದ ಆಜ್ಞಾಪತ್ರದಲ್ಲಿ, ಸೇತುವೆಯ ಮೇಲೆ ನಿಂತು ಸೇನೆಗೆ ಎದುರಾದ ರೋಮನ್ ವೀರನ ಬಗ್ಗೆ ಮೆಕಾಲೆ ಬರೆದ ಪದ್ಯದ ಸಾಲುಗಳನ್ನು ಅವರು ಸೇರಿಸಿದ್ದರು. ಹಾಡಿಗೂ ಹಾಡಿಗೂ ಎಷ್ಟು ಅಂತರ! 1948ರ ಜುಲೈ 3ರಂದು, ಮೂವತ್ತಾರನೆಯ ಹುಟ್ಟುಹಬ್ಬಕ್ಕೆ ಹನ್ನೆರಡು ದಿನಗಳಿರುವಾಗ, ಅದೇ ಝಂಗರಿನಲ್ಲಿ ಫಿರಂಗಿಯ ಗುಂಡಿಗೆ ಸಿಕ್ಕಿ ಅವರು ಮಡಿದರು. ಶವಯಾತ್ರೆಗೆ ಪ್ರಧಾನಿ ನೆಹರೂ ಅವರೂ ಸಂಪುಟದ ಸಚಿವರೂ ಬಂದಿದ್ದರು. ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅವಿವಾಹಿತರಾಗಿದ್ದ ಅವರ ಸಂಬಳದ ಬಹುಪಾಲು ಬಡಮಕ್ಕಳ ಓದಿಗೆ ಹೋಗುತ್ತಿತ್ತಂತೆ.

ಕಾಶ್ಮೀರದ ಆ ಯುದ್ಧವನ್ನು ಮಾಡಬಾರದಾಗಿತ್ತೆಂದು ನಾನು ಹೇಳುವವನಲ್ಲ. ಶಸ್ತ್ರ ಹಿಡಿಯುವುದು ರಾಜ್ಯಕ್ಕೆ ಅನಿವಾರ್ಯವಾಗುವ ಸಂದರ್ಭಗಳುಂಟು. 1962ರಲ್ಲಿ ಸಿದ್ಧತೆಯಿಲ್ಲದೆ, ಹಿಮಕ್ಕೆ ತಕ್ಕ ಉಡುಪೂ ಇಲ್ಲದೆ ನಮ್ಮ ಸೈನಿಕರು ಬೆಟ್ಟವೇರಬೇಕಾಗಿ ಬಂದುದನ್ನು ಮರೆತು ಶಾಂತಿಯ ಜಪ ಮಾಡುವುದೂ ಒಂದು ಬಗೆಯ ಬೇಜವಾಬ್ದಾರಿಯೇ. ಸೇನೆಗೆ ಒಳ್ಳೆಯ ಬಂದೂಕು ಬೇಕು, ಬೂಟು ಬೇಕು, ಪಿಂಚಣಿ ಬೇಕು ಎಂದು ಕೇಳುವವನನ್ನೆಲ್ಲ ಜಿಂಗೋ ಎಂದು ಹೀಗಳೆಯುವ ವಿದ್ಯಾವಂತರ ಚಾಳಿ ನನಗೆ ಹಿಡಿಸದು. ಆ ಮಾತಿಗೆ ಅರ್ಹರಾದವರನ್ನು ಗುರುತಿಸುವ ಲಕ್ಷಣ ಒಂದೇ: ಇವರು ಇಡುತ್ತಿರುವ ಆಣೆಗೆ ತೆರುವ ತಲೆ ಯಾರದು?

ಓಖ್ಲಾದ ಒಡ್ಡಿನಿಂದ ಹೊಳೆ ದಾಟಿದರೆ ನೊಯಿಡಾ. ಅಲ್ಲಿಯ ‘ಫಿಲ್ಮ್ ಸಿಟಿ’ ಎಂಬ ಬಡಾವಣೆಯಲ್ಲಿ ಹಿಂದಿ ಸುದ್ದಿವಾಹಿನಿಗಳ ಸ್ಟುಡಿಯೋಗಳು ಸಾಲಾಗಿ ನಿಂತಿವೆ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನಲ್ಲಿ 26 ಮಂದಿಯನ್ನು ಭಯೋತ್ಪಾದಕರು ಕೊಂದಾಗ, ಆ ಶೋಕ ಶಿವಮೊಗ್ಗೆ ಬೆಂಗಳೂರುಗಳ ಮನೆಗಳನ್ನೂ ಹೊಕ್ಕಿತು, ಸಿಟ್ಟು ನ್ಯಾಯವಾದದ್ದು. ಮೇ 7ರಂದು ಸೇನೆ ಗಡಿಯಾಚೆಗೆ ತನ್ನ ಕಾರ್ಯಾಚರಣೆಯನ್ನು ನಡೆಸಿತು. ಸೇನೆಯ ವಕ್ತಾರರು ಅಳೆದು ತೂಗಿ ಮಾತನಾಡುತ್ತಿದ್ದ ಆ ದಿನಗಳಲ್ಲೇ, ಮೇ 8ರ ರಾತ್ರಿ, ದೇಶದ ಹಲವು ವಾಹಿನಿಗಳು ಕರಾಚಿಯ ಬಂದರು ನಾಶವಾಯಿತೆಂದು, ಇಸ್ಲಾಮಾಬಾದಿಗೆ ಸೈನ್ಯ ನುಗ್ಗಿತೆಂದು ಕೂಗಿದವು. ಒಂದೂ ನಿಜವಾಗಿರಲಿಲ್ಲ. ಕಾರ್ಯಕ್ರಮದ ರಂಜನೆಗಾಗಿ ವಾಯುದಾಳಿಯ ಸೈರನ್ನಿನ ಸದ್ದನ್ನು ಹಿನ್ನೆಲೆಗೆ ಹಾಕುವುದು ಎಷ್ಟರಮಟ್ಟಿಗೆ ನಡೆಯಿತೆಂದರೆ, ಜನರು ನಿಜವಾದ ಸೈರನ್ನಿಗೂ ಕಿವಿಗೊಡದೆ ಹೋದಾರೆಂದು, ಹಾಗೆ ಮಾಡಕೂಡದೆಂದು ಸರ್ಕಾರವೇ ಸೂಚನೆ ಹೊರಡಿಸಬೇಕಾಯಿತು. ಮೇ 10ರಂದು ಕದನ ನಿಂತಿತು. ಅದನ್ನು ಪ್ರಕಟಿಸಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರಿಗೂ ಅವರ ಮನೆಯವರಿಗೂ ಮರುದಿನ ಸಾಮಾಜಿಕ ಜಾಲತಾಣಗಳಲ್ಲಿ ಬಿದ್ದ ಬೈಗುಳ, ಗ್ಲ್ಯಾಡ್‌ಸ್ಟನ್ನರ ಕಿಟಕಿಗೆ ಬಿದ್ದ ಕಲ್ಲುಗಳ ಸಂತತಿಯೇ. ಅದೇ ದಿನ ಪುಣೆಯಲ್ಲಿ ಮಾತನಾಡಿದ ನಿವೃತ್ತ ಸೇನಾಮುಖ್ಯಸ್ಥ ಮನೋಜ್ ನರವಣೆಯವರು, ಯುದ್ಧವೆಂಬುದು ರಮ್ಯವಾದದ್ದಲ್ಲ, ಸಿನಿಮಾ ಕೂಡ ಅಲ್ಲ ಎಂದರು. ದಳಪತಿಯಾಗಿದ್ದವನ ಬಾಯಲ್ಲಿ ಈ ಮಾತು, ಸ್ಟುಡಿಯೋದ ಬಾಯಲ್ಲಿ ಆ ಮಾತು.

ನಮ್ಮವನೇ ಒಬ್ಬನನ್ನು ನೆನೆಯುತ್ತೇನೆ. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಸಿಯಾಚಿನ್ನಿನಲ್ಲಿ 19 ಸಾವಿರ ಅಡಿಗೂ ಮಿಕ್ಕಿದ ಎತ್ತರದಲ್ಲಿ ಕಾವಲಿದ್ದಾಗ, 2016ರ ಫೆಬ್ರವರಿ 3ರಂದು ಹಿಮಪಾತ ಬಂದು ಹತ್ತು ಮಂದಿಯನ್ನು ಹೂತುಹಾಕಿತು. ಆರು ದಿನಗಳ ಮೇಲೆ ಅಗೆದಾಗ ಆತ ಒಬ್ಬನು ಉಸಿರಾಡುತ್ತಿದ್ದ. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡ. ಶತ್ರುವಿನ ಗುಂಡು ತಗುಲದೆ, ಬರಿಯ ಎತ್ತರವೂ ಚಳಿಯೂ ಮನುಷ್ಯನನ್ನು ಕೊಲ್ಲುವ ಜಾಗದಲ್ಲಿ ನಾವು ಹುಡುಗರನ್ನು ನಿಲ್ಲಿಸಿದ್ದೇವೆಂಬುದನ್ನು ಆ ಸಾವು ದೇಶದ ಮುಂದೆ ಇಟ್ಟಿತ್ತು. ಅದನ್ನು ಕುರಿತು ಎರಡು ಮಾತಾಡುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಅದೇ ವಾರ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಎದ್ದ ಘೋಷಣೆಗಳ ಗಲಭೆಯಲ್ಲಿ, ಬೆಟದೂರಿನ ರೈತಮನೆಯ ಹುಡುಗನ ಹೆಸರು ಟೀವಿ ಚರ್ಚೆಗಳಲ್ಲಿ ವಿದ್ಯಾರ್ಥಿಗಳ ಮೇಲೆ ಎಸೆಯುವ ಕಲ್ಲಾಯಿತು. ಮರುವರ್ಷದ ಜುಲೈನಲ್ಲಿ ಅದೇ ವಿಶ್ವವಿದ್ಯಾಲಯದ ಕುಲಪತಿಗಳು ವಿದ್ಯಾರ್ಥಿಗಳಿಗೆ ಸೈನ್ಯದ ತ್ಯಾಗ ನೆನಪಿರಲೆಂದು ಆವರಣದಲ್ಲೊಂದು ಟ್ಯಾಂಕನ್ನು ತಂದು ನಿಲ್ಲಿಸಿಕೊಡಬೇಕೆಂದು ಕೇಂದ್ರ ಸಚಿವರಲ್ಲಿ ಕೇಳಿದರು. ಹಿಮದಡಿಯಲ್ಲಿ ಸತ್ತವನ ನೆನಪಿಗೆ ಟ್ಯಾಂಕು! ಸೈನಿಕನನ್ನು ಆರಾಧಿಸುವವರಿಗೆ ಸೈನಿಕನ ಬದುಕಿನ ವಿವರದಲ್ಲಿ ಇಷ್ಟು ನಿರಾಸಕ್ತಿಯೇಕೆಂದು ನಾನು ಕೇಳುವುದುಂಟು.

ಕಾರ್ಯಪ್ಪನವರ ಬಗೆಗಿನ ಒಂದು ಕಥೆ ಎಲ್ಲರಿಗೂ ತಿಳಿದದ್ದೇ: 1965ರ ಯುದ್ಧದಲ್ಲಿ ಅವರ ಮಗನ ವಿಮಾನ ಉರುಳಿ, ಆತ ಪಾಕಿಸ್ತಾನದಲ್ಲಿ ಸೆರೆಯಾದಾಗ, ಹಿಂದೆ ಕಾರ್ಯಪ್ಪನವರನ್ನು ಬಲ್ಲವರಾಗಿದ್ದ ಅಧ್ಯಕ್ಷ ಅಯೂಬ್ ಖಾನರು ಬಿಡುಗಡೆಯ ಮಾತಾಡಿದರಂತೆ, ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗೆ ಮಾತ್ರ ಬೇರೆ ನ್ಯಾಯ ಬೇಡವೆಂದು ತಂದೆ ಉತ್ತರಿಸಿದರಂತೆ. ಆದರೆ ಕೊಡಗಿನ ಇನ್ನೊಬ್ಬ ದಳಪತಿಯ ಕೊನೆಯ ದಿನಗಳು ಅಷ್ಟಾಗಿ ನೆನಪಿನಲ್ಲುಳಿದಿಲ್ಲ. ಸೇನಾಮುಖ್ಯಸ್ಥರಾಗಿದ್ದು ನಿವೃತ್ತರಾದ ಕೆ. ಎಸ್. ತಿಮ್ಮಯ್ಯನವರು 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕರಾಗಿ ಹೋದದ್ದು ಸೈಪ್ರಸ್ಸಿಗೆ: ಜಿಂಗೋ ಹಾಡಿನ ವರ್ಷದಲ್ಲಿ ಹಿಂದೂಸ್ಥಾನದ ಸಿಪಾಯಿಗಳನ್ನು ಇಳಿಸಿ ಡಿಸ್ರೇಲಿಯು ವಶಪಡಿಸಿಕೊಂಡಿದ್ದ ಅದೇ ದ್ವೀಪಕ್ಕೆ. ಗ್ರೀಕರೂ ತುರ್ಕರೂ ಒಬ್ಬರನ್ನೊಬ್ಬರು ಕೊಲ್ಲದಂತೆ ನಡುವೆ ನಿಲ್ಲುವುದು ಅವರ ಕೆಲಸವಾಗಿತ್ತು. 1965ರ ಡಿಸೆಂಬರ್ 18ರಂದು ಕೆಲಸದಲ್ಲಿರುವಾಗಲೇ ಅಲ್ಲಿ ತೀರಿಕೊಂಡರು. ಮರುವರ್ಷ ಆ ದ್ವೀಪದ ಸರ್ಕಾರ ಅವರ ಹೆಸರಿನಲ್ಲೊಂದು ಅಂಚೆಚೀಟಿ ಹೊರಡಿಸಿತು.

ಓಖ್ಲಾದ ಸಮಾಧಿಯ ಕಲ್ಲು 2020ರ ಡಿಸೆಂಬರಿನಲ್ಲಿ ಒಡೆದು ಬಿದ್ದಿರುವುದು ಕಂಡುಬಂದಿತು. ದೇಶಭಕ್ತಿಯ ಗಂಟಲು ಅಷ್ಟು ಗಟ್ಟಿಯಾಗಿದ್ದ ಆ ವರ್ಷಗಳಲ್ಲಿ ಮಹಾವೀರ ಚಕ್ರದವರೊಬ್ಬರ ಕಲ್ಲು ಯಾರ ಕಣ್ಣಿಗೂ ಬೀಳದೆ ಪಾಳುಬಿದ್ದಿತ್ತು. ಸುದ್ದಿ ಹೊರಬಿದ್ದ ಮೇಲೆ ಸೈನ್ಯದವರೇ ಬಂದು, ಗದ್ದಲವಿಲ್ಲದೆ, ಅದನ್ನು ಸರಿಪಡಿಸಿದರು. ಪ್ರತಿವರ್ಷ ಜುಲೈ 3ರಂದು ಅವರು ಬಂದು ಹೂವಿಟ್ಟು ಹೋಗುತ್ತಾರೆ. ದೆಹಲಿಗೆ ಬರುವ ಕನ್ನಡಿಗರು ಕರೋಲ್ ಬಾಗಿನ ವ್ಯಾಪಾರವನ್ನು ಒಂದು ಗಂಟೆ ಮೊದಲೇ ಮುಗಿಸಿ, ಮೆಟ್ರೋದಲ್ಲಿ ಜಾಮಿಯಾ ಮಿಲಿಯಾ ಇಸ್ಲಾಮಿಯಾ ನಿಲ್ದಾಣಕ್ಕೆ ಬಂದು ಇಳಿಯಬೇಕೆಂದು ನನ್ನ ವಿನಂತಿ. ಖಬರಸ್ತಾನ ಎಲ್ಲಿದೆಯೆಂದು ಕೇಳಿದರೆ ಅಲ್ಲಿಯವರು ದಾರಿ ತೋರಿಸುತ್ತಾರೆ.